ಹಾಡು ಬೇಡ, ಹಾಡುವವರು ಇರಲಿ

ಶುಕ್ರವಾರ

ಕೊಡಗಿಗೆ ಹೊರಟ ಕಾರು ಅಳಿಯಂದಿರದು, ಆದ್ದರಿಂದ ಕಾರಿನೊಳಗಿನ ಹಾಡೂ ಅವರದೇ. ನಮ್ಮ ಮನೆಯಲ್ಲಿ ಎಂದೋ ಇತ್ಯರ್ಥವಾದ ಕಟ್ಟಳೆ ಇದು. ಬಿಳಿಕೆರೆ ದಾಟುವವರೆಗೆ ಅತ್ತೆಯ ಮರ್ಯಾದೆಗೆಂದು ವೀಣೆ ಹಾಕಿದ್ದರು. ಹುಣಸೂರಿನಲ್ಲಿ ಎಳನೀರು ಕುಡಿದು ಮತ್ತೆ ಕಾರು ಹತ್ತಿದಾಗ ಆ ಮರ್ಯಾದೆಯ ಅವಧಿ ಮುಗಿದಿತ್ತು. ಡೆಫ್ ಲೆಪರ್ಡ್ ಶುರುವಾಯಿತು. ಮಗಳು ಹಿಂದಿನ ಸೀಟಿನಲ್ಲಿ ದುಪ್ಪಟ್ಟಾವನ್ನು ಮುಖದ ಮೇಲೆಳೆದುಕೊಂಡು ನಿದ್ದೆ ಹೋದಳು. ಮದುವೆಯಾದಾಗಿನಿಂದ ಕೇಳುತ್ತಿರುವವಳು, ಅವಳಿಗೆ ಅದು ಜೋಗುಳ.

ಇಂಗ್ಲೆಂಡಿನ ಶೆಫೀಲ್ಡ್ ಎಂಬ ಉಕ್ಕಿನ ಊರಿನಲ್ಲಿ 1977ರಲ್ಲಿ ಹುಟ್ಟಿಕೊಂಡ ರಾಕ್ ತಂಡವಂತೆ. ಪಾಶ್ಚಾತ್ಯ ಸಂಗೀತವೆಂದರೆ ಮೂಗು ಮುರಿಯುವವಳಲ್ಲ ನಾನು. ಮೃದಂಗದ ಮನೆಯಲ್ಲಿ ಹುಟ್ಟಿದವಳು. ಲಯ ಎಲ್ಲಿದ್ದರೂ ಕಿವಿ ಅತ್ತ ತಿರುಗುತ್ತದೆ. ಇದಕ್ಕೆ ತಿರುಗಲಿಲ್ಲ. ಒಂದೇ ಸಾಲನ್ನು ಹತ್ತಾರು ಗಂಟಲುಗಳು ಒಟ್ಟಿಗೆ ಎತ್ತಿ ಒಗೆಯುತ್ತವೆ, ಗಿಟಾರುಗಳು ಒಂದರ ಮೇಲೊಂದು ಹತ್ತಿ ಕುಳಿತಿವೆ, ಎಲ್ಲೂ ಉಸಿರಾಡಲು ಜಾಗವಿಲ್ಲ. ಒಂದು ಸ್ವರವಾದರೂ ಒಂಟಿಯಾಗಿ ನಿಂತು ನನ್ನೊಡನೆ ಮಾತನಾಡಲಿಲ್ಲ. ಎಲ್ಲಕ್ಕಿಂತ ಕಿರಿಕಿರಿ ಮಾಡಿದ್ದು ಡ್ರಮ್ಮು. ಪೆಟ್ಟು ಬೀಳಬೇಕಾದಲ್ಲಿ ಬೀಳುತ್ತಿತ್ತು ನಿಜ, ಆದರೆ ಪ್ರತಿ ಪೆಟ್ಟೂ ಹಿಂದಿನದರ ಅಚ್ಚುಪ್ರತಿ.

ಬೈಲಕುಪ್ಪೆ ಕಳೆದು ಕೊಪ್ಪದ ಹತ್ತಿರ ತಡೆಯಲಾರದೆ ಕೇಳಿದೆ: "ಇದನ್ನು ಬಾರಿಸುತ್ತಿರುವುದು ಯಂತ್ರವೋ, ಮನುಷ್ಯನೋ?"

"ಮನುಷ್ಯನೇ ಅತ್ತೆ. ಒಂದೇ ಕೈ ಇರುವ ಮನುಷ್ಯ."

ಅಷ್ಟರಲ್ಲಿ ಕಾವೇರಿ ಸೇತುವೆ ಬಂತು. ಆ ಕಡೆ ಕೊಡಗು. ಕುಶಾಲನಗರದ ಹೋಟೆಲೊಂದರಲ್ಲಿ ಕಾಫಿಗೆ ನಿಲ್ಲಿಸಿದಾಗ ಉಳಿದ ಕಥೆ ಹೇಳಿಸಿದೆ.

ಡ್ರಮ್ಮಿನವನ ಹೆಸರು ರಿಕ್ ಅಲೆನ್. ತಂಡ ಸೇರಿದ್ದು ಹದಿನೈದನೆಯ ವಯಸ್ಸಿನಲ್ಲಿ. 1983ರಲ್ಲಿ 'ಪೈರೋಮೇನಿಯಾ' ಎಂಬ ಆಲ್ಬಮ್ ಅಮೆರಿಕದಲ್ಲಿ ಲಕ್ಷಗಟ್ಟಲೆ ಮಾರಾಟವಾಗಿ, ಹುಡುಗರೆಲ್ಲ ಇಪ್ಪತ್ತರ ಆಸುಪಾಸಿನಲ್ಲೇ ಜಗತ್ಪ್ರಸಿದ್ಧರಾದರು. ಮುಂದಿನ ಆಲ್ಬಮ್ಮಿನ ಕೆಲಸ ನಡೆದಿತ್ತು. 1984ರ ಡಿಸೆಂಬರ್ 31ರಂದು ಶೆಫೀಲ್ಡಿನ ಹೊರಗೆ ಅಲೆನ್ ಓಡಿಸುತ್ತಿದ್ದ ಕಾರು ರಸ್ತೆ ಬಿಟ್ಟು ಉರುಳಿತು. ಎಡಗೈ ತುಂಡಾಯಿತು. ವೈದ್ಯರು ಅದನ್ನು ಮತ್ತೆ ಜೋಡಿಸಿದರು. ನಂಜೇರಿದ್ದರಿಂದ ತೆಗೆದೇ ಬಿಡಬೇಕಾಯಿತು. ಆಗ ಆತನಿಗೆ 21 ವರ್ಷ.

"ಆಮೇಲೆ ಬೇರೆಯವರನ್ನು ತೆಗೆದುಕೊಂಡರು," ಎಂದೆ. ಅದೇ ಲೋಕದ ರೂಢಿಯಲ್ಲವೇ.

"ಇಲ್ಲ. ಹುಡುಕಲೂ ಇಲ್ಲ. ನುಡಿಸುವುದೋ ಬಿಡುವುದೋ ನೀನೇ ತೀರ್ಮಾನಿಸು ಎಂದು ಅವನಿಗೇ ಬಿಟ್ಟರು."

ಸುಂಟಿಕೊಪ್ಪದಿಂದ ಮುಂದೆ ಎರಡೂ ಕಡೆ ತೋಟ. ರೊಬಸ್ಟಾ ಕೊಯ್ಲಿನ ಕಾಲ. ಕೆಲಸ ಮುಗಿಸಿದ ಹೆಂಗಸರನ್ನು ತುಂಬಿಕೊಂಡ ಜೀಪುಗಳು ಲೈನ್ ಮನೆಗಳ ಕಡೆ ಹೋಗುತ್ತಿದ್ದವು. ಕಿಟಕಿ ಇಳಿಸಿದರೆ ಕಣದಲ್ಲಿ ಒಣಗುವ ಹಣ್ಣಿನ ಹುಳಿ ಹುಳಿ ವಾಸನೆ. ಹಾಡು ಮತ್ತೆ ಬರುತ್ತಿತ್ತು. ಈ ಸಲ ನಾನು ಬೇಡವೆನ್ನಲಿಲ್ಲ. ಆ ಪೆಟ್ಟುಗಳಲ್ಲಿ ಯಾವುದು ಕೈಯದು, ಯಾವುದು ಕೈಯದಲ್ಲ ಎಂದು ಹುಡುಕುತ್ತ ಮಡಿಕೇರಿ ತಲುಪಿದೆ. ಗೊತ್ತಾಗಲಿಲ್ಲ.

ಶನಿವಾರ

ಬೆಳಿಗ್ಗೆ ಓಂಕಾರೇಶ್ವರ. 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ ದೇವಸ್ಥಾನ. ಮೇಲೆ ಗುಮ್ಮಟ, ನಾಲ್ಕು ಮೂಲೆಗೆ ಮಿನಾರು, ಎದುರಿಗೆ ಕೊಳ, ಒಳಗೆ ಶಿವ. ಮಗಳು ಮೀನುಗಳನ್ನು ನೋಡುತ್ತ ಕೊಳದ ಕಟ್ಟೆಯಲ್ಲೇ ಕುಳಿತುಬಿಟ್ಟಳು. ಕೋಟೆ ನೋಡಿದೆವು, ಗಾರೆಯ ಆನೆಗಳ ಪಕ್ಕ ಎಲ್ಲರಂತೆ ನಿಂತು ಫೋಟೊ ತೆಗೆಸಿಕೊಂಡೆವು. ರಾಜಾಸೀಟಿನಲ್ಲಿ ಜನವೋ ಜನ. ಅದರ ಬಗ್ಗೆ ಬರೆಯುವುದೇನೂ ಇಲ್ಲ.

ಕಾಲು ನಿಂತದ್ದು ಗದ್ದಿಗೆಯಲ್ಲಿ. ರಾಜರ ಸಮಾಧಿಗಳಿಗೆ ದೊಡ್ಡ ಗುಮ್ಮಟಗಳಿವೆ, ಪ್ರವಾಸಿಗರು ಅವನ್ನು ನೋಡಿ ಹೊರಡುತ್ತಾರೆ. ಸಮೀಪದಲ್ಲೇ ಇನ್ನೆರಡು ಸಮಾಧಿಗಳಿವೆ. ಟಿಪ್ಪುವಿನ ಸೇನೆಯೊಡನೆ ಕಾದಾಡಿ ಮಡಿದ ಬಿದ್ದಂಡ ಬೋಪು ಒಬ್ಬರು, ಅವರ ಮಗ ಬಿದ್ದಂಡ ಸೋಮಯ್ಯ ಇನ್ನೊಬ್ಬರು. ಅರಸರ ಪಕ್ಕದಲ್ಲಿ ಅಧಿಕಾರಿಗಳಿಗೂ ಜಾಗ ಕೊಟ್ಟಿದ್ದಾರೆ. ಒಡೆಯನಿಗಾಗಿ ಪ್ರಾಣ ಬಿಟ್ಟವರ ವೀರಗಲ್ಲು ನಮ್ಮ ನಾಡಿನಲ್ಲಿ ಊರಿಗೊಂದಿದೆ. ಒಡೆಯ ತಿರುಗಿ ಏನು ಮಾಡಿದ ಎಂಬುದಕ್ಕೆ ಸಾಕ್ಷಿ ಸಿಗುವುದೇ ಅಪರೂಪ.

ಅಳಿಯಂದಿರು ಅಲ್ಲೇ ಕಲ್ಲುಹಾಸಿನ ಮೇಲೆ ಕುಳಿತು ಮಾತು ಮುಂದುವರಿಸಿದರು. ನಾನು ರಾತ್ರಿಯಿಡೀ ಯೋಚಿಸಿ ಸಿದ್ಧವಾಗಿದ್ದೆ.

"ದುಡ್ಡಿತ್ತು, ಆದ್ದರಿಂದ ಕಾದರು. ಮನೆಬಾಡಿಗೆಗೆ ಸಂಗೀತ ಕಚೇರಿಯನ್ನೇ ನಂಬಿಕೊಂಡವರು ಕಾಯುತ್ತಿದ್ದರೇ?"

"ದುಡ್ಡಿದ್ದುದರಿಂದಲೇ ಬೇರೆಯವರನ್ನು ತರುವುದು ಸುಲಭವಿತ್ತು ಅತ್ತೆ. ಜಗತ್ತಿನ ಯಾವ ಡ್ರಮ್ಮರ್ ಬೇಕಾದರೂ ಬರುತ್ತಿದ್ದ."

ಮಾತು ಸರಿಯಿತ್ತು. ಆದರೂ ಬಿಡಲಿಲ್ಲ. "ಯಾರನ್ನೂ ಎಂದೂ ಕೈಬಿಟ್ಟೇ ಇಲ್ಲವೇ ಇವರು?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಅಭಿಮಾನಿಗಳಲ್ಲಿ ಪ್ರಾಮಾಣಿಕರು ವಿರಳ. ನಮ್ಮ ಅಳಿಯಂದಿರು ಆ ವಿರಳರಲ್ಲಿ ಒಬ್ಬರು. ಪೀಟ್ ವಿಲ್ಲಿಸ್ ಎಂಬ ಗಿಟಾರ್ ವಾದಕನಿದ್ದನಂತೆ, ತಂಡ ಕಟ್ಟಿದವರಲ್ಲೇ ಒಬ್ಬ. ಕುಡಿತ ಮಿತಿಮೀರಿತೆಂದು 1982ರಲ್ಲಿ, ಪೈರೋಮೇನಿಯಾದ ಧ್ವನಿಮುದ್ರಣ ನಡೆಯುತ್ತಿದ್ದಾಗಲೇ, ಅವನನ್ನು ತೆಗೆದು ಫಿಲ್ ಕೊಲೆನ್ ಎಂಬಾತನನ್ನು ತಂದರು.

"ನೋಡಿದಿರಾ," ಎಂದೆ.

ಹೀಗೆಂದರೂ, ವಿಲ್ಲಿಸನ ಕಥೆ ಕೇಳಿದ ಮೇಲೆಯೇ ನನಗೆ ಆ ಹುಡುಗರ ಮೇಲೆ ನಂಬಿಕೆ ಬಂದದ್ದು. ಯಾರನ್ನೂ ತೆಗೆಯದವರು ಅಳುಕಿನಿಂದಲೋ ಸೋಮಾರಿತನದಿಂದಲೋ ಹಾಗಿರಬಹುದು. ತೆಗೆಯಲು ಬರುವವರು ಒಬ್ಬನನ್ನು ತೆಗೆಯದೆ ಉಳಿಸಿಕೊಂಡರೆ ಅದು ಯೋಚಿಸಿ ಮಾಡಿದ ಕೆಲಸ.

ಇಷ್ಟು ವಾದ ಏಕೆ ಮಾಡಿದೆನೆಂದು ಹೇಳಬೇಕು. ನಮ್ಮ ತಂದೆ ಮೃದಂಗ ವಿದ್ವಾಂಸರು. ಐವತ್ತು ದಾಟಿದ ಮೇಲೆ ಅವರ ಬಲಗೈಯ ಉಂಗುರಬೆರಳು ಸೆಟೆದುಕೊಂಡಿತು. ಮೃದಂಗದಲ್ಲಿ ಆ ಬೆರಳಿಲ್ಲದೆ ಬಲಮುಚ್ಚಿಗೆಯ ಸುನಾದವೇ ಇಲ್ಲ. ಅದು ಅಂಚಿನಲ್ಲಿ ಹಗುರವಾಗಿ ಕೂತರೆ ತಾನೇ ಉಳಿದ ಬೆರಳಿನ ಪೆಟ್ಟು ಶ್ರುತಿಯಲ್ಲಿ ಮಿಡಿಯುವುದು. ಹದಿನೈದು ವರ್ಷ ಅವರನ್ನು ಊರೂರಿಗೆ ಕರೆದೊಯ್ದಿದ್ದ ಗಾಯಕರೊಬ್ಬರು ಒಂದು ಮಾತೂ ಆಡಲಿಲ್ಲ. ಪತ್ರ ಬರೆಯುವುದನ್ನು ನಿಲ್ಲಿಸಿದರು, ಅಷ್ಟೇ. ನವರಾತ್ರಿಯ ಕಚೇರಿಯೊಂದರ ಕರಪತ್ರದಲ್ಲಿ ಬೇರೊಬ್ಬರ ಹೆಸರು ನೋಡಿ ತಂದೆಗೆ ತಿಳಿಯಿತು. ಆ ಗಾಯಕರ ಹಾಡುಗಾರಿಕೆ ಇಂದಿಗೂ ನನಗೆ ಇಷ್ಟ. ಅವರ ಕಾಂಭೋಜಿಯನ್ನು ಮೀರಿಸುವವರನ್ನು ಕೇಳಿಲ್ಲ. ಕೇಳುವಾಗ ಹೊಟ್ಟೆಯಲ್ಲಿ ಒಂದು ಗಂಟು ಇರುತ್ತದೆ, ಅಷ್ಟೇ. ಡೆಫ್ ಲೆಪರ್ಡಿನವರದು ತಿರುವುಮುರುವು. ಗಂಟಿಲ್ಲ, ಆದರೆ ಕೇಳಲಾಗುವುದಿಲ್ಲ.

ಭಾನುವಾರ

ಭಾಗಮಂಡಲ, ತಲಕಾವೇರಿ. ತಿರುವುಗಳಲ್ಲಿ ನನಗೆ ತಲೆ ಸುತ್ತಿ ಎರಡು ಕಡೆ ಕಾರು ನಿಲ್ಲಿಸಬೇಕಾಯಿತು. ಭಾಗಮಂಡಲದಲ್ಲಿ ಕಾವೇರಿ, ಕನ್ನಿಕೆಯರ ನೀರಿಗೆ ಕಾಲಿಟ್ಟೆವು. ಸುಜ್ಯೋತಿ ಕಣ್ಣಿಗೆ ಕಾಣದ ನದಿ. ಭಗಂಡೇಶ್ವರನ ಗುಡಿಯ ಇಳಿಜಾರು ಛಾವಣಿ ಮಲೆಯಾಳದ ಕಡೆಯದು. ತಲಕಾವೇರಿಯ ಕುಂಡಿಕೆ ಅಂಗೈಯಗಲ. ತುಲಾ ಸಂಕ್ರಮಣದ ದಿನ ಇಲ್ಲಿ ನಿಲ್ಲಲು ಜಾಗ ಸಿಗುವುದಿಲ್ಲ. ನಾವು ಹೋದಾಗ ಅರ್ಚಕರು ನಿಧಾನವಾಗಿ ಮಂಗಳಾರತಿ ಮಾಡಿದರು. ಮಗಳು ತನ್ನ ಓರಗಿತ್ತಿಗೆಂದು ಬಾಟಲಿಯಲ್ಲಿ ತೀರ್ಥ ತುಂಬಿಸಿಕೊಂಡಳು. ಗಾಳಿ ಕಿವಿ ಕಚ್ಚುತ್ತಿತ್ತು.

ಇಳಿಯುವಾಗ ಅಳಿಯಂದಿರು ಇನ್ನೊಬ್ಬನ ಕಥೆ ಹೇಳಿದರು. ಸ್ಟೀವ್ ಕ್ಲಾರ್ಕ್, ಮತ್ತೊಬ್ಬ ಗಿಟಾರ್ ವಾದಕ. ಇವನಿಗೂ ಕುಡಿತ. ಈ ಬಾರಿ ಕಿತ್ತುಹಾಕಲಿಲ್ಲ. ಚೇತರಿಸಿಕೊಂಡು ಬಾ ಎಂದು 1990ರಲ್ಲಿ ಆರು ತಿಂಗಳ ರಜೆ ಕೊಟ್ಟರು. 1991ರ ಜನವರಿ 8ರಂದು ಲಂಡನ್ನಿನ ಮನೆಯಲ್ಲಿ ತೀರಿಕೊಂಡ, 30 ವರ್ಷಕ್ಕೆ. ಅರ್ಧಕ್ಕೆ ನಿಂತಿದ್ದ ಆಲ್ಬಮ್ಮಿಗೆ ಬೇರೆಯವರನ್ನು ಕರೆಯದೆ ನಾಲ್ವರೇ ಮುಗಿಸಿದರು. ಅವನ ಪಾಲಿನ ಗಿಟಾರನ್ನೂ ಕೊಲೆನ್ ನುಡಿಸಿದ.

ರಜೆ ಕೊಟ್ಟದ್ದು ಒಳ್ಳೆಯದಾಯಿತೇ, ಜೊತೆಗಿಟ್ಟುಕೊಂಡಿದ್ದರೆ ಬದುಕುತ್ತಿದ್ದನೇ ಎಂದು ಮಗಳು ಕೇಳಿದಳು. ಅದಕ್ಕೆ ಯಾರು ಉತ್ತರ ಹೇಳಬೇಕು.

ಸೋಮವಾರ

ಕಕ್ಕಬ್ಬೆಯ ಹತ್ತಿರ ಅಳಿಯಂದಿರ ಕಾಲೇಜು ಗೆಳೆಯರ ತೋಟ. ದಾರಿಯಲ್ಲಿ ನಾಲ್ಕುನಾಡು ಅರಮನೆ. 1792ರಲ್ಲಿ ದೊಡ್ಡವೀರರಾಜೇಂದ್ರ ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ ಕಟ್ಟಿಸಿದ್ದು. ಅರಮನೆ ಎಂಬ ಹೆಸರು ಕೇಳಿ ಮೈಸೂರಿನವರು ಮೋಸಹೋಗಬಾರದು. ಇದು ಗಟ್ಟಿಮುಟ್ಟಾದ ಎರಡಂತಸ್ತಿನ ಮನೆ. ಮರದ ಕಂಬಗಳ ಕೆತ್ತನೆ ಮಾತ್ರ ಬಿಟ್ಟುಬರಲು ಮನಸ್ಸಾಗದಂಥದ್ದು. 1834ರಲ್ಲಿ ಬ್ರಿಟಿಷರು ಬಂದಾಗ ಕೊನೆಯ ಅರಸ ಚಿಕವೀರರಾಜೇಂದ್ರ ಓಡಿಬಂದದ್ದು ಇಲ್ಲಿಗೇ.

ಗೆಳೆಯರ ಮನೆಯಲ್ಲಿ ಬೆಲ್ಲದ ಕಾಫಿ ಕುಡಿದು ಅವರ ಐನ್‌ಮನೆಗೆ, ಅಂದರೆ ಮನೆತನದ ಮೂಲಮನೆಗೆ, ಹೋದೆವು. ನೆಲ್ಲಕ್ಕಿ ನಡುಬಾಡೆ ಎಂಬ ನಡುಮನೆಯಲ್ಲಿ ತೂಗುದೀಪ, ಜಗಲಿಯಲ್ಲಿ ಅಗಲವಾದ ಹಲಗೆ. ಅಲ್ಲಿ ಅವರ ದೊಡ್ಡಪ್ಪ ಇದ್ದರು. ಎಂಬತ್ತರ ಹತ್ತಿರ ಬಂದವರು, ಬೆನ್ನು ನೆಟ್ಟಗೆ. ಒಳಗಿನ ಗೂಟದಲ್ಲಿ ದುಡಿ ನೇತಾಡುತ್ತಿರುವುದನ್ನು ಕಂಡು ಒಮ್ಮೆ ಮುಟ್ಟಬಹುದೇ ಎಂದು ಕೇಳಿದೆ. ತಾವೇ ಇಳಿಸಿ ಕೊಟ್ಟರು. ನಡು ಸಣ್ಣ, ಎರಡು ಬಾಯಿಗೂ ತೊಗಲು, ಸುತ್ತ ಬಿಗಿದ ಹಗ್ಗ. ಎಡಗೈಯಲ್ಲಿ ಹಿಡಿದು ಬಲಗೈಯ ಕಡ್ಡಿಯಿಂದ ಹೊಡೆಯಬೇಕು. ನಾನು ಹೊಡೆದರೆ 'ದಬ್' ಎಂದಿತು, ಅವರು ಹೊಡೆದರೆ ಅಂಗಳದ ಆಚೆಯ ನಾಯಿ ತಲೆಯೆತ್ತಿತು.

"ಹಿಡಿದ ಕೈ ಸುಮ್ಮನೆ ಹಿಡಿದಿದೆ ಎಂದುಕೊಂಡಿರಿ ನೀವು," ಎಂದರು. "ಅದು ಸಡಿಲವಾದರೆ ದನಿ ಸತ್ತುಹೋಗುತ್ತದೆ."

ಅಳಿಯಂದಿರು ಕಾಯುತ್ತಿದ್ದುದು ಇದಕ್ಕೇ. ಒಂದು ಕೈಯ ಡ್ರಮ್ಮರನ ಕಥೆ ಮೊದಲಿನಿಂದ ಹೇಳಿದರು. ದೊಡ್ಡಪ್ಪನವರು ಅಯ್ಯೋ ಪಾಪ ಎನ್ನಲಿಲ್ಲ. "ಹೇಗೆ ಬಾರಿಸುತ್ತಾನೆ, ತೋರಿಸು," ಎಂದರು.

ಜಗಲಿಯಲ್ಲಿ ನಾಲ್ಕು ಹವಾಯಿ ಚಪ್ಪಲಿಗಳು ಸಾಲಾಗಿ ಬಂದವು. ಅಳಿಯಂದಿರು ಮೊಣಕಾಲಿನೆತ್ತರದ ಸ್ಟೂಲಿನ ಮೇಲೆ ಕುಳಿತರು, ಎಡಗೈ ಬೆನ್ನ ಹಿಂದೆ. ರಾಕ್ ಡ್ರಮ್ಮಿನಲ್ಲಿ ಸಾಮಾನ್ಯ ನಡೆ ನಾಲ್ಕೆಣಿಕೆಯದು. ಬಲಗೈ ತಾಳದ ಬಿಲ್ಲೆಗಳ ಮೇಲೆ ಸಣ್ಣ ಸಣ್ಣ ಎಣಿಕೆ ಹೇಳುತ್ತಿರುತ್ತದೆ, ಬಲಗಾಲು ದೊಡ್ಡ ಡ್ರಮ್ಮನ್ನು ಒದೆಯುತ್ತದೆ. ಎರಡಕ್ಕೂ ನಾಲ್ಕಕ್ಕೂ ಬೀಳುವ ಚುರುಕಾದ ಪೆಟ್ಟು ಎಡಗೈಯದು. ಹಾಡಿನ ಬೆನ್ನೆಲುಬೇ ಅದು. ಅಲೆನ್ ಆ ಪೆಟ್ಟನ್ನು ಎಡಗಾಲಿಗೆ ಇಳಿಸಿದ. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ್ದಾಗಲೇ ಪಾದದಿಂದ ಲಯ ತಟ್ಟಿ ನೋಡುತ್ತಿದ್ದನಂತೆ. ಎಡಗೈಗೆ ಗೊತ್ತಿದ್ದುದು ಕಾಲಿಗೂ ಗೊತ್ತಿದೆ ಎಂದು ಅಲ್ಲಿ ಹೊಳೆಯಿತು. ಎಡಗಾಲಿನ ಬಳಿ ಪೆಡಲುಗಳ ಸಾಲು, ಒಂದೊಂದಕ್ಕೂ ವಿದ್ಯುತ್ತಿನ ಮೂಲಕ ಒಂದೊಂದು ಡ್ರಮ್ಮಿನ ದನಿ. ಅದಕ್ಕೆಂದೇ ಡ್ರಮ್ ಸೆಟ್ ಮಾಡಿಸಿದರು.

ಅಳಿಯಂದಿರ ಎಡಗಾಲು ಮೊದಲ ಆವರ್ತದಲ್ಲೇ ಬಲಗಾಲಿನ ಜೊತೆ ಬಿದ್ದುಬಿಟ್ಟಿತು. ನನಗೂ ತಡೆಯಲಾಗಲಿಲ್ಲ, ಸೆರಗು ಸಿಕ್ಕಿಸಿ ಕುಳಿತೆ. ವಿಳಂಬದಲ್ಲಿ ಬಂತು. ಬಲಗೈ ಎಂಟು, ಬಲಗಾಲು ಒಂದಕ್ಕೂ ಮೂರಕ್ಕೂ, ಎಡಗಾಲು ಎರಡಕ್ಕೂ ನಾಲ್ಕಕ್ಕೂ. ಸ್ವಲ್ಪ ಕಾಲ ಏರಿಸಿದ್ದೇ ತಡ, ಎಡಗಾಲು ಅರೆ ಎಣಿಕೆ ಹಿಂದೆ ಬೀಳತೊಡಗಿತು. ಕೈಯ ಮಣಿಕಟ್ಟು ಪೆಟ್ಟು ಕೊಟ್ಟು ತಾನೇ ಪುಟಿದು ಮೇಲೇಳುತ್ತದೆ. ಕಾಲನ್ನು ಎತ್ತಬೇಕು, ಅದರ ತೂಕವನ್ನೇ ಹೊತ್ತು ಎತ್ತಬೇಕು. ಆ ಹುಡುಗ ತನ್ನ ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಕಲಿತದ್ದನ್ನೆಲ್ಲ ಬೇರೊಂದು ಅಂಗಕ್ಕೆ ಹೊಸದಾಗಿ ಪಾಠ ಹೇಳಿಕೊಟ್ಟಿದ್ದಾನೆ. ಆ ಪಾಠ ಮುಗಿಯುವವರೆಗೆ ಉಳಿದ ನಾಲ್ವರು ಕಾದಿದ್ದಾರೆ. ಪೈರೋಮೇನಿಯಾ 1983ರ ಜನವರಿಯಲ್ಲಿ ಬಂದಿತ್ತು. ಅದರ ಮುಂದಿನ 'ಹಿಸ್ಟೀರಿಯಾ' ಬಂದದ್ದು 1987ರ ಆಗಸ್ಟಿನಲ್ಲಿ. ತಡವಾಗಲು ಬೇರೆ ಕಾರಣಗಳೂ ಇದ್ದವೆನ್ನಿ, ನಿರ್ಮಾಪಕರು ಬದಲಾದರು, ಮುದ್ರಿಸಿದ್ದನ್ನು ಬದಿಗಿಟ್ಟು ಮತ್ತೆ ಮುದ್ರಿಸಿದರು. ಆದರೂ ಆ ವ್ಯಾಪಾರದಲ್ಲಿ ನಾಲ್ಕೂವರೆ ವರ್ಷವೆಂದರೆ ಜನ ಮರೆತೇಬಿಡುವಷ್ಟು ಕಾಲ.

ದೊಡ್ಡಪ್ಪನವರು ಎಲ್ಲವನ್ನೂ ಗಮನವಿಟ್ಟು ನೋಡಿ ಹೇಳಿದ್ದು ನನಗೆ ನಾಟಿತು. "ನಾವು ಪುತ್ತರಿ ಸುಗ್ಗಿಹಬ್ಬಕ್ಕೆ ಹಾಡುವವರು ನಾಲ್ವರು. ಇಬ್ಬರು ಎತ್ತಿಕೊಟ್ಟರೆ ಇಬ್ಬರು ಹಿಂದಿನಿಂದ ಹೇಳಬೇಕು. ನಮ್ಮಲ್ಲಿ ಒಬ್ಬನಿಗೆ ಲಕ್ವ ಹೊಡೆಯಿತು. ಆ ವರ್ಷವೇ ಪಕ್ಕದ ಒಕ್ಕದ, ಅಂದರೆ ಮನೆತನದ, ಹುಡುಗನನ್ನು ಸೇರಿಸಿಕೊಂಡೆವು. ಹಬ್ಬ ನಿಲ್ಲುವುದಿಲ್ಲವಲ್ಲ."

"ಅವರಿಗೆ ಬೇಸರವಾಗಲಿಲ್ಲವೇ?" ಎಂದೆ.

"ಆಯಿತು. ಹುಡುಗನಿಗೆ ಪಾಟ್, ಅದೇ ಹಬ್ಬದ ಹಾಡು, ಕಲಿಸಿದವನು ಅವನೇ."

ಕದಿರು ತೆಗೆಯುವ ಮುಹೂರ್ತ ಯಾರಿಗಾಗಿಯೂ ಕಾಯುವುದಿಲ್ಲ. ಆಲ್ಬಮ್ಮಿನ ಮುಹೂರ್ತ ಕಾಯಿಸಿದರೆ ಕಾಯುತ್ತದೆ, ನಷ್ಟ ಕಟ್ಟಿಕೊಡಬೇಕು ಅಷ್ಟೇ. ಇಬ್ಬರ ಅನುಕೂಲವೂ ಒಂದೇ ಅಲ್ಲ. ನಮ್ಮ ತಂದೆಗಾಗಿ ನವರಾತ್ರಿಯ ಕಚೇರಿಯನ್ನು ಮುಂದೂಡಿ ಎಂದು ನಾನೂ ಕೇಳುತ್ತಿರಲಿಲ್ಲ. ಒಂದು ಪತ್ರ ಬರೆಯಬಹುದಿತ್ತು. ಮನೆಗೆ ಬಂದು, ನಿಮ್ಮ ಶಿಷ್ಯರಲ್ಲಿ ಯಾರನ್ನು ಕರೆದೊಯ್ಯಲಿ ಎಂದು ಕೇಳಬಹುದಿತ್ತು.

ಊಟಕ್ಕೆ ಅಳಿಯಂದಿರಿಗೆ ಪಂದಿ ಕರಿ, ನನಗೆ ಬೇರೆ ಒಲೆಯಲ್ಲಿ ಮಾಡಿದ ಕಡಂಬುಟ್ಟು, ತರಕಾರಿ ಸಾರು, ಕಾಯಿಹಾಲಿನ ಜೊತೆ ನೂಪುಟ್ಟು. ಗೃಹಿಣಿ ನನಗೆಂದೇ ಪಾತ್ರೆಗಳನ್ನೂ ಬೇರೆ ಇಟ್ಟಿದ್ದರು, ಕೇಳದೆಯೇ. ಊಟದ ನಂತರ ಅಳಿಯಂದಿರು ಮೊಬೈಲಿನಲ್ಲಿ ಹಿಸ್ಟೀರಿಯಾ ಹಾಕಿದರು. ದೊಡ್ಡಪ್ಪನವರು ಒಂದು ನಿಮಿಷ ಕೇಳಿ, ಕಣದಲ್ಲಿ ಕಾಫಿ ಕೆದಕುವುದಿದೆ ಎಂದು ಎದ್ದು ಹೋದರು.

ಮಂಗಳವಾರ

ವಿರಾಜಪೇಟೆ, ಗೋಣಿಕೊಪ್ಪ. ಅಲ್ಲಿ ಕಿತ್ತಳೆ, ಕಾಳುಮೆಣಸು, ಅಡುಗೆಗೆ ಹಾಕುವ ಹುಳಿ ಕಾಚಂಪುಳಿ ಒಂದು ಸೀಸೆ ಕೊಂಡೆವು. ತಿತಿಮತಿ ದಾಟಿ ಕಾಡಿನ ರಸ್ತೆಗೆ ಬಿದ್ದೆವು. ಆನೆ ಕಾಣುತ್ತದೆಂದು ಮಗಳು ಎಚ್ಚರವಾಗಿದ್ದಳು. ಕಂಡದ್ದು ಲದ್ದಿ ಮಾತ್ರ.

ನಾನೇ ಕೇಳಿದೆ, ಮತ್ತೆ ವೇದಿಕೆ ಹತ್ತಿದ್ದು ಹೇಗೆ ಎಂದು. 1986ರ ಆಗಸ್ಟಿನಲ್ಲಿ ಐರ್ಲೆಂಡಿನ ಸಣ್ಣ ಸಣ್ಣ ಊರುಗಳಲ್ಲಿ ಅಭ್ಯಾಸಕ್ಕೆಂದು ನುಡಿಸಿದರಂತೆ. ಆಸರೆಗೆಂದು ಜೆಫ್ ರಿಚ್ ಎಂಬ ಎರಡನೆಯ ಡ್ರಮ್ಮರ್ ಪಕ್ಕದಲ್ಲಿದ್ದ. ಒಂದು ಸಂಜೆ ಅವನು ಬರುವುದು ತಡವಾಯಿತು. ಅಲೆನ್ ಒಬ್ಬನೇ ಶುರುಮಾಡಿದ, ನಡೆದುಹೋಯಿತು. ಆಸರೆಯ ಅಗತ್ಯವಿಲ್ಲವೆಂದು ಎಲ್ಲರಿಗೂ ತಿಳಿಯಿತು. ಅದೇ ತಿಂಗಳ 16ರಂದು ಇಂಗ್ಲೆಂಡಿನ ಡೊನಿಂಗ್ಟನ್ ಎಂಬಲ್ಲಿ ದೊಡ್ಡ ಬಯಲು ಉತ್ಸವ. ಹಾಡುಗಾರ ಜೋ ಎಲಿಯಟ್ ಹೆಸರು ಹೇಳಿ ಪರಿಚಯಿಸಿದಾಗ ಇಡೀ ಬಯಲು ಕೂಗಿತಂತೆ. ಮುಂದಿನ ವರ್ಷ ಬಂದ ಹಿಸ್ಟೀರಿಯಾ ಜಗತ್ತಿನಾದ್ಯಂತ ಎರಡು ಕೋಟಿಗೂ ಹೆಚ್ಚು ಪ್ರತಿ ಹೋಯಿತು. ಕ್ಲಾರ್ಕನ ಜಾಗಕ್ಕೆ 1992ರಲ್ಲಿ ಬಂದ ವಿವಿಯನ್ ಕ್ಯಾಂಪ್ಬೆಲ್‌ಗೆ 2013ರಲ್ಲಿ ಕ್ಯಾನ್ಸರ್ ಎಂದು ಗೊತ್ತಾಯಿತು; ಅವನ ಜಾಗವೂ ಅವನಿಗೇ ಉಳಿಯಿತು. 1992ರಿಂದ ಅದೇ ಐವರು. 2019ರಲ್ಲಿ ಅಮೆರಿಕದ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿದಾಗ ಪಟ್ಟಿಯಲ್ಲಿ ಸತ್ತ ಕ್ಲಾರ್ಕನ ಹೆಸರಿತ್ತು, ಹೊರಹಾಕಿಸಿಕೊಂಡ ವಿಲ್ಲಿಸನದೂ ಇತ್ತು.

"ಈಗಲಾದರೂ ಹಾಡು ಹಿಡಿಸಿತೇ ಅತ್ತೆ?" ಎಂದು ಅಳಿಯಂದಿರು ಆಸೆಯಿಂದ ಕೇಳಿದರು.

"ಇಲ್ಲ. ಗುಣ ಚೆನ್ನಾಗಿದೆಯೆಂದು ಶ್ರುತಿ ಸುಧಾರಿಸುವುದಿಲ್ಲ."

ಮಗಳು ನಕ್ಕಳು. "ಅಮ್ಮ, ಅವರು ಬೆಂಗಳೂರಿಗೆ ಬಂದರೆ ನೋಡಲು ಬರುತ್ತೀಯೋ ಇಲ್ಲವೋ ಅಷ್ಟು ಹೇಳು."

"ಬರುತ್ತೇನೆ. ಆತ ವೇದಿಕೆ ಹತ್ತಿ ಕೂರುವುದನ್ನು ನೋಡಿ, ಎದ್ದು ನಿಂತು ಚಪ್ಪಾಳೆ ತಟ್ಟಿ, ಮನೆಗೆ ಹೊರಡುತ್ತೇನೆ."

"ಟಿಕೆಟ್ ಬಹಳ ದುಬಾರಿ ಅತ್ತೆ."

"ಹಾಗಾದರೆ ಒಂದು ಹಾಡು ಕೂರುತ್ತೇನೆ," ಎಂದೆ. "ಕಿವಿಗೆ ಹತ್ತಿ ನೀವೇ ತನ್ನಿ."